ಹುಣಸೆ ಕಪ್ಪಾದ ಬೇಸಿಗೆ

ನನ್ನ ಮೊದಲ ಸುತ್ತಿಗೆ ನನಗೆ ಸಿಕ್ಕಿದ್ದು ಒಂದನೇ ತರಗತಿಗೆ ಸೇರುವುದಕ್ಕಿಂತ ಮುಂಚೆ. ಅವ್ವನ ಸುತ್ತಿಗೆಯ ಅರ್ಧದಷ್ಟಿತ್ತು. ಕೈಗೆ ಬೊಬ್ಬೆ ಏಳಬಾರದೆಂದು ಹಿಡಿಕೆಗೆ ಹಳೆ ಸೀರೆಯ ಅಂಚು ಸುತ್ತಿ ಕೊಟ್ಟವಳೂ ಅವಳೇ. ಕೂಡ್ಲಿಗಿ ತಾಲ್ಲೂಕಿನ ನಮ್ಮೂರಿನಿಂದ ಸಂಡೂರು ಕಡೆಯ ಗುಡ್ಡಗಳಿಗೆ ಬೆಳಗಾಗುವುದರೊಳಗೆ ಲಾರಿ ಹೊರಡುತ್ತಿತ್ತು. ಅದರ ಹಿಂದೆ ನಿಂತುಕೊಂಡು ಹೋಗುವವರಲ್ಲಿ ಹೆಂಗಸರೇ ಹೆಚ್ಚು. ಅಪ್ಪ ವರ್ಷದ ಎಂಟು ತಿಂಗಳು ಕುರಿಗಳ ಹಿಂದೆ ಊರೂರು ತಿರುಗುವವನು. ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲದ್ದಕ್ಕೆ ನಾನೂ ಲಾರಿ ಹತ್ತುತ್ತಿದ್ದೆ.

ಗುಡ್ಡದಲ್ಲಿ ಕೆಲಸ ಕೇಳುವುದಕ್ಕೆ ಸುಲಭ. ದೊಡ್ಡ ಗುಂಡುಕಲ್ಲು ಒಡೆಯಬೇಕು, ಕಬ್ಬಿಣದ ಅದಿರನ್ನು ಒಂದು ಕಡೆ, ಕಲ್ಲನ್ನು ಒಂದು ಕಡೆ ಹಾಕಬೇಕು. ಕಣ್ಣಿಗೆ ಎರಡೂ ಕೆಂಪು. ಅವ್ವ ನೋಡುತ್ತಲೇ ಇರಲಿಲ್ಲ. ಕೈಗೆ ಎತ್ತಿಕೊಂಡು ಸ್ವಲ್ಪ ಕುಲುಕಿದರೆ ಅವಳಿಗೆ ಭಾರ ತಿಳಿಯುತ್ತಿತ್ತು. ಭಾರದ್ದು ಅದಿರು, ಹಗುರಾದದ್ದು ಕಲ್ಲು. ಒಡೆಯುವಾಗಲೂ ಹಾಗೆಯೇ. ಬೇರೆಯವರು ಗುಂಡಿನ ಮೇಲೆ ನಾಲ್ಕೈದು ಏಟು ಹಾಕಿದರೆ, ಅವಳು ಅದನ್ನು ಮಗುವಿನ ತಲೆ ತಿರುಗಿಸಿ ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ, ಎಲ್ಲೋ ಒಂದು ಗೆರೆ ಹುಡುಕಿ, ಒಂದೇ ಏಟು ಕೊಡುತ್ತಿದ್ದಳು. ಗುಂಡು ಬಾಯಿ ಬಿಡುತ್ತಿತ್ತು.

ಮಧ್ಯಾಹ್ನ ಗಂಟು ಬಿಚ್ಚಿದರೆ ರೊಟ್ಟಿಯ ಮೇಲೆ ಕೆಂಪು ಧೂಳು. ಕೊಡವಿದಷ್ಟೂ ಕೂಡುತ್ತಿತ್ತು. ಅನ್ನ ಇಷ್ಟು ಬೆಳ್ಳಗಿರುತ್ತದೆ ಎಂದು ನನಗೆ ಗೊತ್ತಾದದ್ದು ಮುಂದೆ ಹಾಸ್ಟೆಲ್ಲಿಗೆ ಸೇರಿದ ಮೇಲೆ.

ಹಾಸ್ಟೆಲ್ಲಿಗೆ ಸೇರಿದ್ದೂ ಆ ಸುತ್ತಿಗೆಯಿಂದಲೇ. ಒಂದು ದಿನ ಚೂರು ಸಿಡಿದು ನನ್ನ ಎಡಹುಬ್ಬು ಸೀಳಿತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಅವ್ವ ಸೆರಗಿನಿಂದ ನನ್ನ ಹುಬ್ಬು ಒತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ನನ್ನ ಸುತ್ತಿಗೆ ಕಿತ್ತುಕೊಂಡು ಅದಿರಿನ ರಾಶಿಯ ಮೇಲೆ ಎಸೆದಳು. ಸಂಜೆ ಟಿಪ್ಪರ್ ಬಂದು ರಾಶಿಯನ್ನೆಲ್ಲ ಎತ್ತಿಕೊಂಡು ಹೋಯಿತು. ನನ್ನ ಸುತ್ತಿಗೆ ಯಾವ ದೇಶದ ಉಕ್ಕಿನಲ್ಲಿ ಸೇರಿಕೊಂಡಿದೆಯೋ. ಮರುವಾರ ಅವ್ವ ನನ್ನನ್ನು ಕೊಟ್ಟೂರಿಗೆ ಕರೆದುಕೊಂಡು ಹೋಗಿ ಹಾಸ್ಟೆಲ್ಲಿನ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಹೆಬ್ಬೆರಳಿನ ಗೆರೆಗಳು ಸವೆದು ಹೋಗಿದ್ದರಿಂದ ಮೂರು ಸಲ ಒತ್ತಿಸಿಕೊಂಡರು.

ನಾನು ಪಿಯುಸಿಯಲ್ಲಿದ್ದಾಗ ಗಣಿ ನಿಂತಿತು. ಯಾಕೆ ನಿಂತಿತು, ಯಾರು ನಿಲ್ಲಿಸಿದರು ಎಂದು ಪೇಪರಿನಲ್ಲಿ ಪುಟಗಟ್ಟಲೆ ಬರುತ್ತಿತ್ತು. ನಮ್ಮೂರಿಗೆ ಬಂದ ಸುದ್ದಿ ಇಷ್ಟೇ: ಒಂದು ಬೆಳಿಗ್ಗೆ ಲಾರಿ ಬರಲಿಲ್ಲ. ಹೆಂಗಸರು ಬುತ್ತಿ ಗಂಟು ಹಿಡಿದುಕೊಂಡು ಬಿಸಿಲು ಏರುವವರೆಗೂ ರಸ್ತೆಯಲ್ಲಿ ಕೂತಿದ್ದು, ಎದ್ದು ಮನೆಗೆ ಬಂದು, ಅದೇ ಬುತ್ತಿ ಬಿಚ್ಚಿ ಉಂಡರು. ಧೂಳಿಲ್ಲದ ರೊಟ್ಟಿ ಸಪ್ಪಗನ್ನಿಸಿತು ಎಂದು ಅವ್ವ ಆಮೇಲೆ ನಕ್ಕು ಹೇಳುತ್ತಿದ್ದಳು.

ಆಮೇಲಿನ ವರ್ಷಗಳಲ್ಲಿ ನಮಗೆ ಬದುಕು ಕಲಿಸುವುದಕ್ಕೆ ಬಹಳ ಜನ ಬಂದರು. ಒಬ್ಬರು ಮೇಣದ ಬತ್ತಿ ಮಾಡುವುದನ್ನು ಕಲಿಸಿದರು. ಕೂಡ್ಲಿಗಿಯ ಬೇಸಿಗೆಯಲ್ಲಿ ಸಂಜೆಯ ಹೊತ್ತಿಗೆ ಬತ್ತಿಗಳೆಲ್ಲ ಒಂದರ ಹೆಗಲ ಮೇಲೊಂದು ತಲೆ ಇಟ್ಟು ಮಲಗಿಬಿಡುತ್ತಿದ್ದವು. ಇನ್ನೊಬ್ಬರು ಹಡಗಲಿಯವರ ಹಾಗೆ ಮಲ್ಲಿಗೆ ಬೆಳೆಯಿರಿ ಎಂದು ಸಸಿ ಕೊಟ್ಟರು. ಕುಡಿಯುವ ನೀರಿಗೆ ಎರಡು ದಿನಕ್ಕೊಮ್ಮೆ ಸಾಲು ನಿಲ್ಲುವ ಊರು ನಮ್ಮದು. ಆ ಸಸಿಗಳನ್ನು ಅಪ್ಪನ ಕುರಿಗಳು ತಿಂದವು. ಹೊಲಿಗೆ ಯಂತ್ರವೂ ಬಂತು. ಕಲ್ಲು ಒಡೆದು ಮರಗಟ್ಟಿದ ಬೆರಳುಗಳಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಬಂದವರ ಮನಸ್ಸು ಕೆಟ್ಟದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಈ ಹೆಂಗಸರಿಗೆ ಏನು ಬರುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಏನು ಬರುತ್ತದೆ ಎಂದು ಕೊನೆಗೆ ಆ ಹೆಂಗಸರೇ ಹೇಳಿಕೊಂಡರು. ಒಡೆಯುವುದು ಬರುತ್ತದೆ, ಬೇರ್ಪಡಿಸುವುದು ಬರುತ್ತದೆ. ಉಜ್ಜಿನಿಗೆ ಹೋಗುವ ರಸ್ತೆಯ ಎರಡೂ ಬದಿಗೆ ಹುಣಸೆ ಮರಗಳಿವೆ. ಪ್ರತಿ ವರ್ಷ ಹೊರಗಿನ ಗುತ್ತಿಗೆದಾರ ಹರಾಜಿನಲ್ಲಿ ಹಿಡಿದು ಹಣ್ಣು ಒಯ್ಯುತ್ತಿದ್ದ. ಆ ವರ್ಷ ಎಂಟು ಜನ ಹೆಂಗಸರು ಸಂಘ ಕಟ್ಟಿಕೊಂಡು ಪಂಚಾಯಿತಿಯಲ್ಲಿ ಕೂತು ಮರಗಳನ್ನು ತಾವೇ ಹಿಡಿದರು. ಹಣ್ಣು ಉದುರಿಸಿ, ಒಣಗಿಸಿ, ಸಿಪ್ಪೆ ಒಡೆದು, ನಾರು ತೆಗೆದು, ಬೀಜ ಬಿಡಿಸಿ, ಉಪ್ಪು ಹಾಕಿ ಚೀಲ ತುಂಬಿ ಕೊಟ್ಟೂರಿನ ವ್ಯಾಪಾರಿಗೆ ಕೊಡುವುದು ಎಂದು ಮಾತಾಯಿತು.

ನಾನು ಆಗಷ್ಟೇ ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ನಮ್ಮ ಕೇರಿಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಆ ಸರ್ಟಿಫಿಕೇಟಿಗೆ ಅವ್ವ ಪ್ಲಾಸ್ಟಿಕ್ ಹಾಕಿಸಿ, ದೇವರ ಫೋಟೋದ ಪಕ್ಕದಲ್ಲಿ ಮೊಳೆ ಹೊಡೆದು ತೂಗು ಹಾಕಿದ್ದಳು. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು. ಈಗಲೂ ಇದೆ. ಆ ಬೇಸಿಗೆ ಕೆಲಸಕ್ಕೆ ಅರ್ಜಿ ತುಂಬುತ್ತ ಮನೆಯಲ್ಲೇ ಇದ್ದೆ. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ.

ಅವರು ಹುಣಸೆ ಒಡೆಯಲು ಕೂತ ಮೊದಲ ದಿನ ನನಗೆ ನೆನಪಿದೆ. ಎಂಟು ಜನರೂ ಮನೆಯ ಮೂಲೆಯಿಂದ, ಅಟ್ಟದಿಂದ ತಮ್ಮ ತಮ್ಮ ಗಣಿಯ ಸುತ್ತಿಗೆ ಹುಡುಕಿ ತಂದಿದ್ದರು. ಹಣ್ಣು ಇಟ್ಟು ಬಡಿಯುವ ಅಡಿಗಲ್ಲಿಗೆ ಅವ್ವ ಒಂದು ಅದಿರಿನ ಗುಂಡು ಉರುಳಿಸಿಕೊಂಡು ಬಂದಳು. ಹಿತ್ತಿಲಲ್ಲಿ ಬಟ್ಟೆ ಒಗೆಯಲು ಇಟ್ಟುಕೊಂಡಿದ್ದದ್ದು ಅದು. ಅದರಷ್ಟು ಗಟ್ಟಿ ಕಲ್ಲು ಊರಲ್ಲಿ ಇನ್ನೊಂದಿಲ್ಲ ಎಂದು ಎಲ್ಲರಿಗೂ ಗೊತ್ತು. ಮಿಕ್ಕವರೂ ಅಂಥವನ್ನೇ ತಂದರು. ಬಿಡಿಸಿದ ಹಣ್ಣು ಹಾಕಲು ಕಬ್ಬಿಣದ ಬಾಂಡ್ಲಿಗಳು, ಅದಿರು ಹೊತ್ತವೇ. ಯಾವುದನ್ನೂ ಹೊಸದಾಗಿ ತರಬೇಕಾಗಲಿಲ್ಲ ಎಂದು ಎಲ್ಲರಿಗೂ ಸಮಾಧಾನ.

ಅವ್ವ ಹಣ್ಣನ್ನು ತಿರುಗಿಸಿ ಬೆನ್ನಿನ ಮೇಲೆ ಮೆಲ್ಲಗೆ ಒಂದು ಏಟು ಕೊಡುತ್ತಿದ್ದಳು. ಬೀಜಗಳು ಒಂದೂ ಒಡೆಯದೆ ಸಾಲಾಗಿ ಹೊರಗೆ ಜಾರುತ್ತಿದ್ದವು. ಗುಂಡಿನಲ್ಲಿ ಗೆರೆ ಹುಡುಕುತ್ತಿದ್ದ ಕೈ ಹುಣಸೆಯಲ್ಲೂ ಗೆರೆ ಹುಡುಕಿಕೊಂಡಿತ್ತು. ನಾನು ಅರ್ಜಿ ಬಿಟ್ಟು ನೋಡುತ್ತ ಕೂತುಬಿಟ್ಟೆ. ಇಷ್ಟು ವರ್ಷ ಆ ಕೈ ಕಲ್ಲಿಗೆ ಹೋಗಿದ್ದಕ್ಕೆ ನನಗೆ ಮೊದಲ ಸಲ ಸಿಟ್ಟು ಬಂತು.

ಹದಿನೈದು ದಿನದ ಮೇಲೆ ಮೊದಲ ಚೀಲಗಳನ್ನು ಆಟೋದಲ್ಲಿ ಹೇರಿಕೊಂಡು ಅವ್ವ, ನಾನು ಕೊಟ್ಟೂರಿಗೆ ಹೋದೆವು. ವ್ಯಾಪಾರಿ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಎತ್ತಿ, ಬೆಳಕಿಗೆ ಹಿಡಿದು, ವಾಪಸ್ ಚೀಲಕ್ಕೇ ಹಾಕಿದರು. ಹಣ್ಣು ಕಪ್ಪಾಗಿತ್ತು. ತುಂಬುವಾಗ ಜೇನಿನ ಬಣ್ಣವಿದ್ದದ್ದು ಈಗ ಕೀಲೆಣ್ಣೆಯ ಹಾಗೆ ಆಗಿತ್ತು. ಎಲ್ಲ ಚೀಲವೂ ಅಷ್ಟೇ.

“ಹ್ವಾದ ವರ್ಷದ ಹಣ್ಣು ಬೆರಕಿ ಮಾಡೀರಿ,” ಅಂದರು ಅವರು. ಹಳೆಯ ಹುಣಸೆ ಕಪ್ಪಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಅವ್ವ ಚೀಲದ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು: “ನಾವು ಸಂಘ ಕಟ್ಟಿದ್ದು ಈ ವರ್ಷರಿ, ಸಾವ್ಕಾರ್ರ. ಹ್ವಾದ ವರ್ಷದ ಹಣ್ಣು ಎಲ್ಲಿಂದ ತರಾನ್ರಿ?”

“ಅದು ನಿಮಗ ಗೊತ್ತು. ಇದನ್ನ ನಾನು ತಗಳಂಗಿಲ್ಲ.”

ಅವರ ಮಾತಿನಲ್ಲಿ ಜಗಳವೇನೂ ಇರಲಿಲ್ಲ. ಮುಂದಿನ ಭಾನುವಾರದೊಳಗೆ ಒಳ್ಳೆಯ ಹಣ್ಣು ತೋರಿಸಿದರೆ ನೋಡೋಣ, ಆಮೇಲೆ ಬೇರೆ ಕಡೆಯ ಮಾಲಿಗೆ ಮಾತು ಕೊಡುತ್ತೇನೆ ಎಂದಷ್ಟೇ ಹೇಳಿದರು. ಚೀಲಗಳನ್ನು ಅದೇ ಆಟೋದಲ್ಲಿ ತಿರುಗಿ ಹೇರಿಸಿದೆವು.

ಊರಿಗೆ ಬಂದರೆ ನಮ್ಮ ಮನೆ ಮುಂದೆ ಮೇಸ್ತ್ರಿ ಕೂತಿದ್ದ. ಹಿಂದೆ ಹೆಂಗಸರನ್ನು ಲಾರಿಗೆ ಹತ್ತಿಸುತ್ತಿದ್ದವನು ಅವನೇ. ಗುಡ್ಡದಲ್ಲಿ ಮತ್ತೆ ಕೆಲಸ ಶುರುವಾಗಿದೆ, ಯಂತ್ರ ಒಡೆದದ್ದರಲ್ಲಿ ಕಲ್ಲು ಆರಿಸಲು ಕೈ ಬೇಕಾಗಿದೆ, ಸೋಮವಾರ ಗಾಡಿ ತರುತ್ತೇನೆ ಎಂದು ಹೇಳಲು ಬಂದಿದ್ದ. ಅವ್ವನ ಕೈಯನ್ನು ಅವನು ಮರೆತಿರಲಿಲ್ಲ. “ಯಕ್ಕಾ, ನೀ ಬಂದ್ರ ಮಿಕ್ಕಾವರಿಗೆ ತೋರಿಸಿಕೊಡಾಕ ಆತು,” ಅಂದ.

ಸಂಘದ ಎಂಟೂ ಜನ ಅಲ್ಲೇ ಕೂಡಿದರು. ಅವರಲ್ಲಿ ಹಿರಿಯವಳನ್ನು ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದೆವು. ಬಾಯಲ್ಲಿ ನಾಲ್ಕೇ ಹಲ್ಲು, ಮಾತು ಮಾತ್ರ ಚುರುಕು. ಯಾರ ಮನೆಯ ಹಣ್ಣು ಕಪ್ಪು, ಯಾರು ಹಳೆಯದನ್ನು ಬೆರೆಸಿದರು ಎಂದು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರದ್ದೂ ಕಪ್ಪಾಗಿದೆ ಎಂದಾಗ ಆ ಅನುಮಾನ ಹೋಯಿತು, ಅದರ ಜಾಗಕ್ಕೆ ಹೆದರಿಕೆ ಬಂತು. ನಮ್ಮ ಕೈಯಲ್ಲೇ ಏನೋ ಇದೆ ಎಂದು ಒಬ್ಬಳು ಅಂದಳು.

“ಗುಡ್ಡ ನಮ್ಮನ್ನ ಬಿಡಂಗಿಲ್ಲ ತಗಾ. ನಾವು ಬಿಟ್ರೂ ಅದು ಬಿಡಂಗಿಲ್ಲ,” ಅಂದಳು ದೊಡ್ಡವ್ವ.

ಕೊನೆಗೆ ಮಾತು ಹೀಗೆ ನಿಂತಿತು: ಭಾನುವಾರ ವ್ಯಾಪಾರಿ ಬೇಡವೆಂದರೆ ಸೋಮವಾರ ಎಲ್ಲರೂ ಗಾಡಿ ಹತ್ತುವುದು. ಅವ್ವನೂ ತಲೆ ಆಡಿಸಿದಳು. ಒಟ್ಟಿಗೆ ಮರ ಹಿಡಿದ ಮೇಲೆ ಒಬ್ಬಳೇ ಉಳಿಯುವುದು ಸರಿಯಲ್ಲ ಎಂದು ಅವಳ ಲೆಕ್ಕ.

ಅವ್ವನ ಉಸಿರು ಆಗಲೇ ಕೆಟ್ಟಿತ್ತು. ನೀರಿನ ಕೊಡ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಗೋಡೆ ಹಿಡಿಯುತ್ತಿದ್ದಳು. ಇನ್ನೊಂದು ವರ್ಷ ಆ ಧೂಳಿಗೆ ಹೋದರೆ ಇರುವ ಉಸಿರೂ ಉಳಿಯುವುದಿಲ್ಲ ಎಂದು ಕೂಡ್ಲಿಗಿ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ನನಗೆ ಕೆಲಸ ಸಿಗುತ್ತದೆ, ನೀನು ಹೋಗಬೇಡ ಅಂದೆ. “ಸಿಕ್ಕಾಗ ಹೇಳು,” ಅಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಕಟ್ಟೆಯ ಮೇಲೆ ಕೂತು ಆ ಕಪ್ಪು ಹಣ್ಣನ್ನು ಚಿವುಟಿ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ಚೂರು ಚೀಪುವುದು, ಉಗುಳುವುದು, ನೀರು ಮುಕ್ಕಳಿಸುವುದು, ಮತ್ತೆ ಚೀಪುವುದು. ಆಮೇಲೆ ಎದ್ದು ಒಳಗೆ ಹೋಗಿ ಸುತ್ತಿಗೆ ತಂದಳು. ಅದರ ಮೂತಿಗೆ ನಾಲಿಗೆ ತಾಗಿಸಿದಳು. ಆಮೇಲೆ ಅಡಿಗಲ್ಲಿನ ಮುಂದೆ ಮೊಣಕಾಲೂರಿ ಬಗ್ಗಿ, ಅದನ್ನೂ ನೆಕ್ಕಿದಳು.

ಹಾದಿಯಲ್ಲಿ ಹೋಗುತ್ತಿದ್ದ ದೊಡ್ಡವ್ವ ನಿಂತು ನೋಡಿದಳು. “ನೋಡವ್ವಾ ಕಾಲ. ಮಗಳು ಡಿಗ್ರಿ ಮಾಡ್ಯಾಳ, ಅವ್ವ ಕಲ್ಲು ನೆಕ್ಕಾಕ ಹತ್ಯಾಳ.”

ಅವ್ವ ತುಟಿ ಒರೆಸಿಕೊಂಡಳು. “ಅತ್ತೀ, ಇಲ್ಲಿ ಬಾ. ಇದನ್ನೀಟು ಬಾಯಾಗ ಇಟ್ಕಂಡು ನೋಡು. ಮೈನ್ಸಿನಾಗ ಬುತ್ತಿ ಉಣ್ಣತಿದ್ವಲ್ಲ, ಆ ರುಚಿ ಇಲ್ಲೇನು?”

ದೊಡ್ಡವ್ವ ಚೂರು ಬಾಯಿಗಿಟ್ಟುಕೊಂಡಳು. ಅವಳ ಮುಖ ನಿಧಾನವಾಗಿ ಬದಲಾಯಿತು. ಹುಳಿಗೆ ಮುಖ ಸಿಂಡರಿಸಿದ್ದಲ್ಲ ಅದು. ಸತ್ತವರ ದನಿ ಕೇಳಿದ ಹಾಗೆ ನಿಂತಳು.

“ಗುಡ್ಡ ಇದರೊಳಗ ಐತಿ,” ಅಂದಳು ಅವ್ವ. “ಹಣ್ಣು ಹಳೇದಲ್ಲ. ನಾವು ಬಡಿದ ಸುತಗಿ ಇದರೊಳಗ ಹೋಗೈತಿ.”

ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅದು ನನಗೆ ಗೊತ್ತಿರಬೇಕಿತ್ತು. ಎರಡನೇ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಇದನ್ನೇ ಮಾಡಿದ್ದೆ. ಒಗರಿರುವ ತೊಗಟೆಯ ರಸಕ್ಕೆ ಕಬ್ಬಿಣದ ಲವಣದ ಎರಡು ಹನಿ ಹಾಕಿದರೆ ಗಾಜಿನ ಕೊಳವೆಯಲ್ಲಿ ಕಪ್ಪು ಮಸಿ ಆಗುತ್ತದೆ. ಒಗರು ಇದೆ ಎನ್ನುವುದಕ್ಕೆ ಅದೇ ಸಾಕ್ಷಿ. ಹುಣಸೆಯಲ್ಲಿ ಹುಳಿ ಇದೆ, ಅದು ಕಬ್ಬಿಣವನ್ನು ತಿನ್ನುತ್ತದೆ. ಬೀಜದ ಸಿಪ್ಪೆಯಲ್ಲಿ ಒಗರು ಇದೆ, ಅದು ತಿಂದ ಕಬ್ಬಿಣವನ್ನು ಕಪ್ಪು ಮಾಡುತ್ತದೆ. ಮೇಲೆ ಉಪ್ಪು ಬೇರೆ. ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆದು, ಪೂರ್ತಿ ಅಂಕ ತೆಗೆದುಕೊಂಡು ಬಂದವಳು, ಹದಿನೈದು ದಿನ ಕಣ್ಣೆದುರೇ ಕಬ್ಬಿಣದಿಂದ ಹುಣಸೆ ಬಡಿಯುವುದನ್ನು ನೋಡುತ್ತ ಕೂತಿದ್ದೆ. ನನಗೆ ಹೊಳೆಯಲಿಲ್ಲ. ನಾಲಿಗೆಯ ಮೇಲೆ ಇಪ್ಪತ್ತು ವರ್ಷದ ಧೂಳು ಇದ್ದವಳಿಗೆ ಹೊಳೆಯಿತು.

ಅವಳಿಗೆ ಕೊಳವೆಯ ವಿಷಯ ಹೇಳಿದೆ. ಕಪ್ಪು ಮಸಿ, ಒಗರು, ಕಬ್ಬಿಣ, ಎಲ್ಲ. ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೇಳಿ ಅಂದಳು: “ಹಂಗಾದ್ರ ನಿಮ್ಮ ಪುಸ್ತಕ ಬರದಾವರೂ ಮೊದಲು ನೆಕ್ಕಿ ನೋಡಿರಬೇಕು.”

ಅವತ್ತೇ ಅವಳು ಕೂಡ್ಲಿಗಿಗೆ ಬಸ್ಸು ಹತ್ತಿದಳು, ನಾನೂ ಹೋದೆ. ಬಾಂಡ್ಲಿ ಬಿಟ್ಟು ಗಡಿಗೆ, ಚಾಪೆ ಹಿಡಿಯಬಹುದು; ಬಡಿಯಲು ಕಬ್ಬಿಣ ಬೇಡವೆಂದರೆ ಮರ. ಯಾವ ಮರ ಎಂಬುದಕ್ಕೂ ಅವಳ ಹತ್ತಿರ ಉತ್ತರವಿತ್ತು. ಕುರಿ ಕಡಿಯುವ ಅಂಗಡಿಯಲ್ಲಿ ಮಾಂಸ ಕೊಚ್ಚುವ ಕೊರಡನ್ನು ಅವಳು ಎಷ್ಟೋ ಸಲ ನೋಡಿದ್ದಳು. ದಿನವೂ ಕತ್ತಿ ಬಿದ್ದರೂ ಸಿಬಿರು ಏಳದ ಮರ ಅದು. ಅದು ಹುಣಸೆಯದು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬ ವಯಸ್ಸಾದ ಬಡಗಿ ಸಾಬರು ಇದ್ದರು. ಕಸಾಯಿಗಳ ಕೊರಡು, ಕುಂಟೆ, ತೊಟ್ಟಿಲು ಎಲ್ಲ ಮಾಡುತ್ತಿದ್ದರು. ಅವ್ವ ಹುಣಸೆ ಕಟ್ಟಿಗೆಯ ಎಂಟು ಕೊಡತಿ, ಎಂಟು ಅಡಿಮಣೆ ಬೇಕೆಂದಾಗ ಕೊಡತಿ ಯಾಕೆ, ಬಟ್ಟೆ ಬಡಿಯುವುದಕ್ಕಾ ಎಂದು ಕೇಳಿದರು. ಹುಣಸೆ ಬಡಿಯುವುದಕ್ಕೆ ಎಂದಾಗ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವ್ವನನ್ನು ನೋಡಿದರು.

“ಹುಣಸಿ ಕೊಯ್ಯಬೇಕಂದ್ರ ನನ್ನ ಗರಗಸದ ಜಾನ್ ಹೋಗ್ತೈತಿ, ಅಮ್ಮಾ. ಜಾಲಿಗಿಡದ್ದು ಮಾಡಿಕೊಡ್ತೀನಿ, ತಗಂಡು ಹೋಗು.”

“ಜಾಲಿ ಒಗರು ಬಿಡ್ತೈತಿ, ಸಾಬ್ರ. ಹುಣಸಿಗೆ ಹುಣಸಿನ ಆಗಬೇಕು. ಅದರದ್ದು ಅದಕ್ಕ ಹೊಂದತೈತಿ.”

ಸಾಬರು ನನ್ನ ಕಡೆ ತಿರುಗಿ, ನಿಮ್ಮವ್ವ ಎಷ್ಟು ಓದಿದ್ದಾಳೆ ಎಂದು ಕೇಳಿದರು. ಓದಿಲ್ಲ ಅಂದೆ. ಅವರು ಮೂಲೆಯಲ್ಲಿದ್ದ ಒಂದು ದಪ್ಪ ತುಂಡನ್ನು ಕಾಲಿನಿಂದ ಹೊರಗೆ ಎಳೆದರು. ಒಂದು ಕೊಡತಿ, ಒಂದು ಅಡಿಮಣೆ ಅವತ್ತು ಸಂಜೆಗೇ ಮಾಡಿಕೊಟ್ಟರು. ಮಿಕ್ಕದ್ದು ಕೆಲಸ ಕೂಡಿ ಬಂದರೆ ಎಂದು ಮಾತಾಯಿತು.

ಊರಲ್ಲಿ ಅದಕ್ಕೂ ಒಂದು ತಕರಾರು ಬಂತು. ಹುಣಸೆ ಮರದಲ್ಲಿ ದೆವ್ವ ಇರುತ್ತದೆ, ಆ ಕಟ್ಟಿಗೆ ಮನೆಯೊಳಗೆ ತರಬಾರದು ಎಂದು ಸಂಘದ ಇಬ್ಬರು ಹಿಂದೆ ಸರಿದರು. ದೊಡ್ಡವ್ವನೇ ಅವರ ಬಾಯಿ ಮುಚ್ಚಿಸಿದಳು. ಮೈನ್ಸಿನ ಮೇಸ್ತ್ರಿ ಜತೆ ಇಪ್ಪತ್ತು ವರ್ಷ ಇದ್ದು ಬಂದೀವಿ, ದೆವ್ವ ನಮಗೇನು ಮಾಡೀತು ಎಂದು ಕೇಳಿದಳಂತೆ.

ಇನ್ನು ಅವ್ವ ಮಾಡಿದ್ದನ್ನು ಹೇಳಬೇಕು. ನಾನಾಗಿದ್ದರೆ ಕೊಡತಿಯಿಂದ ಬಡಿದ ಹಣ್ಣನ್ನು ನೇರವಾಗಿ ವ್ಯಾಪಾರಿಗೆ ತೋರಿಸುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ. ಒಂದೇ ಮರದ, ಒಂದೇ ಕೊಂಬೆಯ ಹಣ್ಣು ಆರಿಸಿ ಮೂರು ಪಾಲು ಮಾಡಿದಳು. ಒಂದು ಪಾಲನ್ನು ಅದಿರಿನ ಗುಂಡಿನ ಮೇಲೆ ಸುತ್ತಿಗೆಯಿಂದ ಬಡಿದಳು. ಎರಡನೆಯದನ್ನು ಮರದ ಮಣೆಯ ಮೇಲೆ ಸುತ್ತಿಗೆಯಿಂದ ಬಡಿದಳು. ಮೂರನೆಯದನ್ನು ಮರದ ಮಣೆಯ ಮೇಲೆ ಮರದ ಕೊಡತಿಯಿಂದ. ಮೂರಕ್ಕೂ ಒಂದೇ ಹಿಡಿಯ ಉಪ್ಪು, ಬೇಗ ಗೊತ್ತಾಗಲಿ ಎಂದು ಮೂರಕ್ಕೂ ಒಂದೊಂದು ಬೊಗಸೆ ನೀರು ಚಿಮುಕಿಸಿದಳು. ಮೂರು ಮಣ್ಣಿನ ಗಡಿಗೆಗೆ ತುಂಬಿ, ಮೂರನ್ನೂ ಮಾಳಿಗೆಯ ಮೇಲೆ ಒಂದೇ ಬಿಸಿಲಿಗೆ ಸಾಲಾಗಿ ಇಟ್ಟಳು.

ಕಲ್ಲು ತಪ್ಪೋ ಸುತಗಿ ತಪ್ಪೋ ಗೊತ್ತಾಗಬೇಕಲ್ಲ ಅಂದಳು.

ನಮ್ಮ ಮೇಷ್ಟ್ರು ಕೊನೆಯ ವರ್ಷದಲ್ಲಿ ಪ್ರಯೋಗ ಅಂದರೆ ಏನು ಎಂದು ಒಂದು ಇಡೀ ತಾಸು ಹೇಳಿದ್ದರು. ಒಂದನ್ನು ಮಾತ್ರ ಬದಲಾಯಿಸು, ಮಿಕ್ಕದ್ದನ್ನು ಹಾಗೇ ಬಿಡು. ನಮ್ಮ ತರಗತಿಯಲ್ಲಿ ಅದು ಅರ್ಥವಾದವರು ಕಡಿಮೆ. ನನಗೆ ಅರ್ಥವಾಗಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅದು ಪುಸ್ತಕದಿಂದಲ್ಲದೆ ಬೇರೆ ಎಲ್ಲಿಂದಾದರೂ ಬರಬಹುದು ಎಂದು ನನಗೆ ಅನ್ನಿಸಿರಲಿಲ್ಲ. ಕಲ್ಲನ್ನು ಅದಿರಿನಿಂದ ಬೇರೆ ಮಾಡುತ್ತ ಇಪ್ಪತ್ತು ವರ್ಷ ಕಳೆದವಳು, ತಪ್ಪಿನಲ್ಲೂ ಕಲ್ಲೆಷ್ಟು ಸುತ್ತಿಗೆಯೆಷ್ಟು ಎಂದು ಬೇರೆ ಮಾಡಲು ಕೂತಿದ್ದಳು.

ಗಡಿಗೆಗೆ ಗುರುತು ಬೇಕಲ್ಲ, ಚೀಟಿ ಬರೆದು ಅಂಟಿಸಲೇ ಎಂದು ಕೇಳಿದೆ. ತಾನು ಓದಲು ಬರದವಳು, ದೊಡ್ಡವ್ವನೂ ಓದಲು ಬರದವಳು, ಚೀಟಿ ಯಾರಿಗೆ ಎಂದು ಅವ್ವ ನಕ್ಕಳು. ಮೊದಲ ಗಡಿಗೆಯ ಮುಚ್ಚಳದ ಮೇಲೆ ಒಂದು ಕೆಂಪು ಹರಳು ಇಟ್ಟಳು. ಎರಡನೆಯದರ ಮೇಲೆ ಒಂದು ಮೊಳೆ. ಮೂರನೆಯದರ ಮೇಲೆ ಹುಣಸೆಯ ಒಂದು ಕಡ್ಡಿ.

ಆ ನಾಲ್ಕು ದಿನ ನಾವು ಮಾಳಿಗೆ ಹತ್ತಿ ಇಳಿದದ್ದೇ ಇಳಿದದ್ದು. ಅವ್ವ ದಿನಕ್ಕೆ ಒಂದೇ ಸಲ ಹತ್ತುತ್ತಿದ್ದಳು, ಏಣಿಯ ಮಧ್ಯೆ ನಿಂತು ಉಸಿರು ತಂದುಕೊಳ್ಳುತ್ತಿದ್ದಳು. ಅವಳ ಉಸಿರಿನ ಸಿಳ್ಳು ನನಗೆ ಕೆಳಗಿನಿಂದಲೇ ಕೇಳುತ್ತಿತ್ತು. ಗಾಡಿ ಬರುವ ಸೋಮವಾರಕ್ಕೆ ದಿನ ಎಣಿಸುವುದನ್ನು ನನಗೆ ಬಿಡಲಾಗಲಿಲ್ಲ.

ಎರಡನೇ ದಿನ ಹರಳಿನ ಗಡಿಗೆ ಕಪ್ಪಾಗಲು ಶುರುವಾಯಿತು. ಮೂರನೇ ದಿನ ಮೊಳೆಯದ್ದರಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ, ಸುತ್ತಿಗೆ ಬಿದ್ದ ಜಾಗದಲ್ಲಿ ಮಾತ್ರ. ಶನಿವಾರ ಮೂರನ್ನೂ ಕೆಳಗಿಳಿಸಿ ಎಲ್ಲರ ಮುಂದೆ ಬಿಚ್ಚಿದಳು. ಮೊದಲನೆಯದು ರಾತ್ರಿಯ ಹಾಗೆ. ಎರಡನೆಯದು ಮೈಲಿ ಬಂದ ಮುಖದ ಹಾಗೆ. ಮೂರನೆಯದು ಉದುರಿಸಿದ ದಿನ ಹೇಗಿತ್ತೋ ಹಾಗೇ, ಜೇನಿನ ಬಣ್ಣ. ಎಂಟೂ ಜನ ಬಗ್ಗಿ ನೋಡಿದರು. ದೊಡ್ಡವ್ವ ಕಡ್ಡಿಯ ಗಡಿಗೆಗೆ ಕೈ ಹಾಕಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಅವಳ ನಾಲ್ಕು ಹಲ್ಲುಗಳೂ ಹೊರಗೆ ಬಂದವು.

“ಬರೇ ಹುಳಿ,” ಅಂದಳು. “ಗುಡ್ಡ ಇಲ್ಲ.”

ಭಾನುವಾರ ಮೂರು ಗಡಿಗೆಯನ್ನೂ ಬುಟ್ಟಿಯಲ್ಲಿ ಹುಲ್ಲು ಹಾಕಿ ಇಟ್ಟುಕೊಂಡು ಕೊಟ್ಟೂರಿಗೆ ಹೋದೆವು. ಅವ್ವ ವ್ಯಾಪಾರಿಯ ಮುಂದೆ ಅವನ್ನು ಸಾಲಾಗಿ ಇಟ್ಟು, ಹರಳು, ಮೊಳೆ, ಕಡ್ಡಿ ಯಾವುದಕ್ಕೆ ಎಂದು ಒಂದೊಂದಾಗಿ ಹೇಳಿದಳು. ಒಂದೇ ಕೊಂಬೆಯ ಹಣ್ಣು ಎಂದು ಎರಡು ಸಲ ಹೇಳಿದಳು. ಅವರು ಮೂರಕ್ಕೂ ಕೈ ಹಾಕಿ, ಹಿಚುಕಿ, ಮೂಸಿ ನೋಡಿದರು. ನಾನು ಅವರ ಮುಖ ನೋಡಲಾರದೆ ಅವ್ವನ ಕೈ ನೋಡುತ್ತಿದ್ದೆ. ಅದು ಬುಟ್ಟಿಯ ಅಂಚನ್ನು ಹಿಡಿದುಕೊಂಡಿತ್ತು.

“ನಮ್ಮಪ್ಪ ಹುಣಸಿಗೆ ಕಬ್ಬಿಣ ಮುಟ್ಟಿಸಬ್ಯಾಡ್ರೋ ಅಂತಿದ್ದ,” ಅಂದರು ಕೊನೆಗೆ. “ಯಾಕಂತ ನಾನು ಕೇಳಿದ್ದಿಲ್ಲ. ಹಿರೇರು ಏನೋ ಅಂತಾರ ಅನ್ಕಂಡಿದ್ದೆ.” ಕಡ್ಡಿಯ ಗಡಿಗೆಯ ಮುಚ್ಚಳ ಮುಚ್ಚಿ, “ಬೆರಕಿ ಅಂದದ್ದು ನನ್ನ ತಪ್ಪು, ತಾಯಿ,” ಅಂದರು.

ಅವ್ವನಿಗೆ ಆ ಮಾತು ಸಾಕಾಗಲಿಲ್ಲ. ಹಾಗಾದರೆ ಕಡ್ಡಿಯ ಗಡಿಗೆಯಂಥ ಹಣ್ಣು ಎಷ್ಟು ತಂದರೂ ತಗೊಳ್ತೀರಾ ಎಂದು ಕೇಳಿದಳು. ಕಪ್ಪು ಚೀಲ ಬೇಡ, ಇಂಥದ್ದು ಎಷ್ಟಾದರೂ ತನ್ನಿ ಎಂದರು. ಕಡ್ಡಿಯ ಗಡಿಗೆಯನ್ನು ತಮ್ಮ ಗದ್ದಿಗೆಯ ಪಕ್ಕದಲ್ಲೇ ಇಟ್ಟುಕೊಂಡರು, ಬೇರೆ ಊರಿನವರಿಗೆ ತೋರಿಸಲು.

ಬರುವಾಗ ಕೂಡ್ಲಿಗಿಯಲ್ಲಿ ಇಳಿದು ಸಾಬರಿಗೆ ಮಿಕ್ಕ ಏಳು ಜೊತೆ ಮಾಡಲು ಹೇಳಿದೆವು. ಅವರು ಆಗಲೇ ಎರಡು ಮಾಡಿಟ್ಟಿದ್ದರು. ಕೆಲಸ ಕೂಡಿ ಬರುತ್ತದೆ ಎಂದು ಯಾರು ಹೇಳಿದರು ಎಂದು ಕೇಳಿದ್ದಕ್ಕೆ, ಜಾಲಿ ಒಗರು ಬಿಡುತ್ತದೆ ಎಂದು ನಿಮ್ಮವ್ವ ಹೇಳಿದಾಗಲೇ ಗೊತ್ತಾಯಿತು ಅಂದರು.

ಸೋಮವಾರದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಎಂಟು ಜನರಲ್ಲಿ ಮೂವರು ಗಾಡಿ ಹತ್ತಲು ನಿಂತರು. ಹದಿನೈದು ದಿನದ ಕೆಲಸ ಕಪ್ಪಾಗಿ ಹೋಗಿತ್ತು, ಹೊಸ ಹಣ್ಣು ಬಿಡಿಸಿ ಮುಗಿಸುವವರೆಗೆ ಅವರ ಒಲೆ ಕಾಯುವ ಹಾಗಿರಲಿಲ್ಲ. ಅವ್ವ ಅವರಿಗೆ ಬೇಡವೆನ್ನಲಿಲ್ಲ. ಅವರ ಪಾಲಿನ ಕೊಡತಿಗಳು ಸಾಬರ ಹತ್ತಿರ ಇರುತ್ತವೆ, ಬಂದ ದಿನ ತರಿಸಿಕೊಳ್ಳಿ ಎಂದಳು. ಅವರಲ್ಲಿ ಇಬ್ಬರು ಮಳೆಗಾಲದ ಹೊತ್ತಿಗೆ ಬಂದರು. ಒಬ್ಬಳು ಬರಲಿಲ್ಲ. ಆ ಕಪ್ಪು ಹುಣಸೆ ವ್ಯರ್ಥವಾಗಲಿಲ್ಲ. ಆ ವರ್ಷ ನಮ್ಮ ಕೇರಿಯ ತಾಮ್ರದ ಕೊಡಗಳು ಹೊಳೆದಷ್ಟು ಯಾವತ್ತೂ ಹೊಳೆದಿಲ್ಲ.

ಈಗ ನಾನು ಹಗರಿಬೊಮ್ಮನಹಳ್ಳಿಯ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರಯೋಗ ಎನ್ನುವ ಪಾಠ ಬಂದಾಗ ಕಿಟಕಿಯಲ್ಲಿ ಮೂರು ಗಡಿಗೆ ಇಡುತ್ತೇನೆ. ಚೀಟಿ ಅಂಟಿಸುವುದಿಲ್ಲ.

ಆದರೆ ನನ್ನ ಕಣ್ಣಿನಲ್ಲಿ ಉಳಿದದ್ದು ಆ ಸೋಮವಾರ ಬೆಳಿಗ್ಗೆ. ಅವ್ವ, ದೊಡ್ಡವ್ವ, ಇನ್ನು ಮೂವರು ಕಟ್ಟೆಯ ಮುಂದೆ ಕೂತಿದ್ದರು. ಇದ್ದ ಮೂರು ಕೊಡತಿಗಳಿಂದ ಸರದಿಯ ಮೇಲೆ ಹಣ್ಣು ಬಡಿಯುತ್ತಿದ್ದರು. ಕಬ್ಬಿಣದ ಕಿವಿ ಕೊರೆಯುವ ಸದ್ದು ಇರಲಿಲ್ಲ. ಯಾರೋ ಮಗುವಿನ ಬೆನ್ನು ತಟ್ಟಿ ಮಲಗಿಸುವ ಹಾಗೆ ಮೆತ್ತಗೆ ಕೇಳುತ್ತಿತ್ತು. ಬಿಡಿಸಿದ ಹಣ್ಣು ಚಾಪೆಯ ಮೇಲೆ ಬಿಸಿಲಿಗೆ ಹರಡಿತ್ತು.

ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿತು. ಗುಡ್ಡದ ಕೆಂಪು ಮೆತ್ತಿಕೊಂಡ ಗಾಡಿ ಧೂಳೆಬ್ಬಿಸುತ್ತ ಬಂದು ನಿಂತಿತು. ಮೇಸ್ತ್ರಿ ಬಾಗಿಲಿನಿಂದ ಅರ್ಧ ಹೊರಗೆ ಬಂದು ಕೂಗಿದ: “ಯಕ್ಕಾ, ಬರ್ತೀಯೇನ?”

ಅವ್ವ ಅವನ ಕಡೆ ನೋಡಲಿಲ್ಲ. ಹಾರ್ನ್ ಕೇಳಿದ ಕೂಡಲೇ ಎದ್ದಿದ್ದಳು. ಹಗ್ಗದ ಮೇಲೆ ಒಣಗಲು ಹಾಕಿದ್ದ ತನ್ನ ಸೀರೆ ಎಳೆದು, ಚಾಪೆಯ ಮೇಲಿನ ಹಣ್ಣಿಗೆ ಈ ತುದಿಯಿಂದ ಆ ತುದಿಯವರೆಗೆ ಹೊದಿಸುತ್ತಿದ್ದಳು. ನಾಲ್ಕು ಮೂಲೆಗೂ ನಾಲ್ಕು ಕಲ್ಲು ಇಟ್ಟಳು. ಒಂದನ್ನು ಕೈಯಲ್ಲಿ ಕುಲುಕಿ, ಭಾರ ನೋಡಿ, ದೂರ ಎಸೆದು, ಬೇರೆ ಕಲ್ಲು ತಂದಿಟ್ಟಳು.

“ಕೈ ಖಾಲಿ ಇಲ್ಲಪ್ಪ,” ಅಂದಳು.

ಮೂವರು ಹತ್ತಿದರು. ಗಾಡಿ ತಿರುಗಿ ಹೋಯಿತು. ಕೇರಿಯ ತುಂಬ ಕೆಂಪು ಧೂಳು ಎದ್ದು, ನಿಧಾನವಾಗಿ ಇಳಿಯತೊಡಗಿತು. ಅವ್ವ ಸೀರೆಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಮೂಗಿಗೆ ಸೆರಗು ಹಿಡಿದುಕೊಂಡು ಕಾದಳು. ಧೂಳು ಪೂರ್ತಿ ಕೂತ ಮೇಲೆ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಸೀರೆಯನ್ನು ನಾಲ್ಕೂ ಕಡೆಯಿಂದ ಒಳಕ್ಕೆ ಮಡಿಸಿ, ಒಂದು ಕಣವೂ ಹಣ್ಣಿನ ಮೇಲೆ ಬೀಳದ ಹಾಗೆ ಎತ್ತಿಕೊಂಡು, ಬೀದಿಯ ಆಚೆ ಬದಿಗೆ ಹೋಗಿ ಕೊಡವಿದಳು.